ನಲವತ್ತು ಮೀಟರ್ ಕೆಳಗೆ

ಮೆರ್ಸಿನ್ ಬಂದರಿನ ಏಳನೇ ಕ್ರೇನಿಗೆ
ನೂರ ತೊಂಬತ್ತೆರಡು ಮೆಟ್ಟಿಲು.
ಹತ್ತೊಂಬತ್ತು ವರ್ಷ ಎಣಿಸುತ್ತಲೇ ಹತ್ತಿದ್ದೇನೆ.
ಲೆಕ್ಕ ತಪ್ಪಿದ್ದು ಒಂದೇ ದಿನ,
ಅಪ್ಪನನ್ನು ಮಣ್ಣು ಮಾಡಿ ಬಂದ ಮಾರನೆಯ ಬೆಳಿಗ್ಗೆ.

ಮೇಲೆ ಗಾಜಿನ ಗೂಡು. ಕಾಲಡಿಗೂ ಗಾಜು.
ಎರಡು ಪಾದಗಳ ನಡುವೆ ಹಡಗು, ನೀರು,
ಕಡಲೆಬೀಜದಷ್ಟು ಜನ.
ಗಾಳಿ ಯಾವ ಕಡೆಯದೆಂದು ಮೊದಲು ಸೊಂಟಕ್ಕೆ ತಿಳಿಯುತ್ತಿತ್ತು,
ಆಮೇಲೆ ಕೈಗೆ,
ಕೊನೆಗೆ, ನಿಧಾನಕ್ಕೆ, ಮೀಟರಿಗೆ.
ಮೂವತ್ತು ಟನ್ನಿನ ಪೆಟ್ಟಿಗೆ
ತೊಟ್ಟಿಲ ಕೂಸಿನಂತೆ ಹೊರಳುವ ಮೊದಲೇ
ತಡೆದು ನಿಲ್ಲಿಸುತ್ತಿದ್ದೆ.

ಈಗ ನೆಲದ ಮೇಲಿದ್ದೇನೆ.
ಕಸ್ಟಮ್ಸ್ ಕಚೇರಿಯ ಹಿಂದೆ, ಮೊದಲು ಹಗ್ಗ ಪೇರಿಸಿಡುತ್ತಿದ್ದ ಕೋಣೆ.
ಏಸಿ, ಕಾರ್ಪೆಟ್ಟು, ಆರು ಪರದೆ,
ಅಂಗೈಯಲ್ಲಿ ಹಿಡಿಸುವ ಒಂದು ಕಡ್ಡಿ.
ಕ್ರೇನು ಒಂದಲ್ಲ, ಮೂರು.
ಬಹಳಷ್ಟನ್ನು ಅವೇ ಮಾಡಿಕೊಳ್ಳುತ್ತವೆ.
ಎಲ್ಲಿ ತೊಡಕೋ ಅಲ್ಲಷ್ಟೇ ನನ್ನ ಪರದೆ ಕೆಂಪಾಗುತ್ತದೆ.

"ಪುಣ್ಯ ಮಾಡಿದ್ದೀಯ" ಎನ್ನುತ್ತಾಳೆ ತಂಗಿ ನೆರಿಮಾನ್.
ಸುಳ್ಳಲ್ಲ. ಮತ್ತೆ ಕೆಳಗಿಳಿಯಬೇಕಲ್ಲ ಎಂದು
ಎಂಟು ಗಂಟೆ ನೀರು ಮುಟ್ಟದೆ ಕೂತ ವರ್ಷಗಳು
ಮೂತ್ರಪಿಂಡದಲ್ಲಿ ಕಲ್ಲಾಗಿ ಉಳಿದಿವೆ.
ಈಗ ಮೇಜಿನ ಮೇಲೆ ಚಹಾ, ಬೇಕೆಂದಾಗ ಎದ್ದು ಹೋಗಬಹುದು.
ಇಷ್ಟು ಹೇಳಿಬಿಡುತ್ತೇನೆ, ಆಮೇಲೆ ದೂರು.

ಕಲಿಸಲು ಬಂದವನು ಇಲ್ಕೆರ್, ಇಪ್ಪತ್ತಾರರ ಹುಡುಗ.
ಕ್ರೇನು ಹತ್ತಿದವನಲ್ಲ,
ಹತ್ತಿದ ಹಾಗೆ ಇನ್ನೂರು ಗಂಟೆ ಆಡಿದವನು.
"ಗುಲ್ಸೆರೆನಕ್ಕ, ನಿಮ್ಮ ಕೈ ಆತುರ ಪಡುತ್ತಿದೆ."
ಆತುರವಲ್ಲ ಮಾರಾಯ.
ನಾನಿಲ್ಲಿ ಮಾಡಿದ್ದು ಅಲ್ಲಿ ಆಗುವುದಕ್ಕೆ ಅರ್ಧ ಸೆಕೆಂಡು,
ಅತ್ತೆ ಆಡಿದ ಮಾತು
ಮಗನ ಬಾಯಿಂದ ಸೊಸೆಗೆ ಮುಟ್ಟಿದ ಹಾಗೆ.
ಮೊದಲ ಪರೀಕ್ಷೆಯಲ್ಲಿ ಫೇಲು.
ಎರಡನೆಯದರಲ್ಲೂ.

ಹಾಮ್ದಿ ಪರಿಹಾರದ ಹಣ ತೆಗೆದುಕೊಂಡು
ಬಸ್ ನಿಲ್ದಾಣದ ಹತ್ತಿರ ತಾನ್ತುನಿ ಅಂಗಡಿ ಇಟ್ಟ.
ಮಾಂಸ ಕೊಚ್ಚುವಾಗ ಹಡಗು ಕೂಗಿದರೆ
ಇವತ್ತಿಗೂ ಕತ್ತಿ ಗಾಳಿಯಲ್ಲೇ ನಿಲ್ಲುತ್ತದಂತೆ.
ವ್ಯಾಪಾರ ಪರವಾಗಿಲ್ಲ ಅಂದ. ನಾನು ಜಾಸ್ತಿ ಕೇಳಲಿಲ್ಲ.

ಮೂರನೆಯ ಪರೀಕ್ಷೆಗೆ ಮುಂಚೆ ಅರ್ಜಿ ಬರೆದೆ:
ಕ್ರೇನಿಗೆ ಕಣ್ಣು ಒಂಬತ್ತು ಇಟ್ಟಿದ್ದೀರಿ,
ಒಂದು ಕಿವಿ ಇಡಿ.
ಬಜೆಟ್ಟಿಲ್ಲ ಎಂದು ಉತ್ತರ ಬಂತು, ಮೊಹರು ಸಮೇತ.
ಇಲ್ಕೆರ್ ಅದನ್ನು ಎರಡು ಸಲ ಓದಿದ.
ಶನಿವಾರ ತನ್ನ ದುಡ್ಡಲ್ಲಿ ಒಂದು ಅಗ್ಗದ ಮೈಕು ತಂದ,
ಗಾಳಿಯ ಗದ್ದಲಕ್ಕೆ ಉಣ್ಣೆಯ ಕಾಲುಚೀಲ ತೊಡಿಸಿದ,
"ಎಲ್ಲಿ ಕಟ್ಟಲಿ?" ಅಂದ.
"ಬಾ" ಎಂದೆ.

ನೂರ ಹತ್ತನೇ ಮೆಟ್ಟಿಲಲ್ಲಿ ಕುಸಿದು ಕೂತ.
ಕಂಬಿ ಹಿಡಿದ ಬೆರಳು ಬೆಳ್ಳಗಾಗಿದ್ದವು.
ನಾನು ಆತುರ ಪಡಬೇಡ ಅನ್ನಲಿಲ್ಲ, ಅನ್ನಬಹುದಿತ್ತು.
ಮೇಲೆ ಹೋಗಿ, ತೊಲೆಗೆ ಕಾಲುಚೀಲ ಬಿಗಿದು,
ನನ್ನ ಹಳೆ ಗೂಡಿನ ಗಾಜು ಅಂಗಿಯ ತೋಳಲ್ಲಿ ಒರೆಸಿ ಬಂದೆ,
ಇನ್ನು ಯಾರೂ ಅದರೊಳಗಿಂದ ನೋಡುವವರಿಲ್ಲದಿದ್ದರೂ.

ಆ ರಾತ್ರಿ ತೋರೋಸ್ ಬೆಟ್ಟದಿಂದ ಪೊಯ್ರಾಜ್ ಗಾಳಿ ಇಳಿಯಿತು.
ಮೀಟರು ಹಸಿರು, ಆರೂ ಪರದೆ ನಿಶ್ಚಿಂತ.
ಕಿವಿಯಲ್ಲಿ ಉಕ್ಕಿನ ಹಗ್ಗ ಸಣ್ಣಗೆ ಮುಲುಗಿತು,
ಪೆಟ್ಟಿಗೆ ಹೊರಳಬೇಕೆಂದುಕೊಳ್ಳುವಾಗ
ಅದು ಹೊರಡಿಸುವ ದನಿ.
ಕಡ್ಡಿ ಎಳೆದು ನಿಲ್ಲಿಸಿದೆ.
ಅರ್ಧ ಸೆಕೆಂಡು ಕಳೆಯಿತು. ನಿಂತಿತು.
"ನಿಮಗೆ ಹೇಗೆ ಗೊತ್ತಾಯಿತು?"
ಒಂದು ಕಿವಿಯದನ್ನು ಬಿಚ್ಚಿ ಅವನಿಗೆ ಕೊಟ್ಟೆ.

ಈಗ ಹೊಸಬರಿಗೆ ನಾವಿಬ್ಬರೂ ಪಾಠ ಹೇಳುತ್ತೇವೆ.
ಸಂಬಳ ಅಷ್ಟೇ.
ನನ್ನ ಕುರ್ಚಿಯ ಚಕ್ರ ತೆಗೆಸಿದ್ದೇನೆ,
ಸೊಂಟ ಇನ್ನೂ ಗಾಳಿ ಹುಡುಕುತ್ತದೆ,
ಜಾರಿ ಹೋಗುತ್ತೇನೆ.

ಮನೆಯಲ್ಲಿ, ನಡುರಾತ್ರಿ,
ಕಿಟಕಿಯ ಪರದೆ ಅಲುಗುತ್ತದೆ.
ಅಷ್ಟರಲ್ಲಿ ನಾನಾಗಲೇ
ಮಗ್ಗುಲು ಬದಲಿಸಿರುತ್ತೇನೆ.