ಸುಗ್ಗಿ ಹಬ್ಬದ ಲಿಲಾವ

ಗುಳೇದಗುಡ್ಡದ ನಮ್ಮ ಮಿಶನ್ ಗುಡಿಯಾಗ
ಸುಗ್ಗಿ ಹಬ್ಬದ ಆರಾಧನಿ ಮುಗಿದ ಮ್ಯಾಲ
ಬೇವಿನ ಗಿಡದ ಕೆಳಗ ಲಿಲಾವ.
ಕಾಣಿಕಿ ಬಂದ ಬದನಿಕಾಯಿ, ಜ್ವಾಳದ ತೆನಿ,
ಕಾಲು ಕಟ್ಟಿದ ಎರಡು ಹುಂಜ,
ಗಂಜಿ ವಾಸನಿ ಇನ್ನೂ ಹೋಗದ ಒಂದು ಖಣ,
ಕಡೀಕ ಒಂದು ಕುಂಬಳಕಾಯಿ.

ಹೋದ ವರ್ಷ ಆ ಕುಂಬಳಕಾಯಿ
ಸಾವಿರದ ನೂರು ರೂಪಾಯಿಗೆ ಹೋತು.
ಪ್ಯಾಟ್ಯಾಗ ಅದರ ಬೆಲಿ ಮೂವತ್ತು.
ಉಳಿದದ್ದೆಲ್ಲಾ ಸಿಟ್ಟಿನ ಬೆಲಿ,
ಫಿಲೆಮೋನಂದು ಅರ್ಧ, ನಂದು ಅರ್ಧ.
"ಕರ್ತನ ಮಹಿಮಿ!" ಅಂದ ಖಜಾಂಚಿ,
ಪಾವತಿ ಹರಕೋತ.

ನಮ್ಮಪ್ಪ ಎಲೀಷಪ್ಪ, ಅಂವ ಫಿಲೆಮೋನ,
ಒಂದ ಪಡಸಾಲ್ಯಾಗ ಎರಡು ಕುಣಿಮಗ್ಗ.
ಇಂವ ಹಾಡು ಎತ್ತಿದರ ಅಂವ ಮುಂದಿನ ಸಾಲು.
ಕಾಕಾ ಅಂತಿದ್ದೆ ನಾನು ಅವಗ.
ಸೊಸಾಯಿಟಿಯೊಳಗ ಎರಡು ಗಂಟು ರೇಷ್ಮಿ ಕಾಣದಾದಾಗ
"ಎಲೀಷಪ್ಪ ಒಯ್ದದ್ದು ನೋಡೇನಿ" ಅಂದಾಂವ ಅಂವನ.
ಠಾಣೆದಾಗ ಒಂದು ರಾತ್ರಿ. ಒಂದ ರಾತ್ರಿ, ಅಷ್ಟ.
ಗೋದಾಮಿಗೆ ಸುಣ್ಣ ಬಳಿಯೂ ಮುಂದ
ಇಲಿ ಕಡಿದ ಗಂಟೆರಡೂ ಅಟ್ಟದ ಹಿಂದ ಸಿಕ್ಕವು.
ಯಾರೂ ಬಂದು ಏನೂ ಅನ್ನಲಿಲ್ಲ.
ಅಪ್ಪ ಮುಂದ ಕಡೀ ಬಾಕಿನ ಮ್ಯಾಲ ಕುಂತ,
ಚಪ್ಪಲಿ ಬಿಡೂ ಜಾಗಾದ ಸನೇಕ.
ಅಲ್ಲಿಂದನ ಅವನ್ನ ಹೊತಗೊಂಡು ಹೋದಿವಿ.

ಹದಿನೇಳು ವರ್ಷ.
ಐತವಾರಕ್ಕೊಮ್ಮೆ ಕರ್ತನ ಪ್ರಾರ್ಥನಿಯೊಳಗ
ರೊಟ್ಟಿ ಕೇಳೂತನಕ ನನ್ನ ದನಿ ಗಟ್ಟಿ.
ಅದರ ಮುಂದಿನ ಸಾಲಿಗೆ ಕೆಮ್ಮು ಬರತೈತಿ.
ಮತ್ತ ಕೇಡಿನಿಂದ ಬಿಡಿಸು ಅಂಬಲ್ಲಿ
ಎಲ್ಲಾರಕಿಂತ ಮುಂದ ನಾನ.
ಕೇಡು ಯಾವುದಂಬೂದು ನನಗ ಗೊತ್ತಿತ್ತು,
ಎರಡು ಬಾಕು ಮುಂದ ಕುಂತಿತ್ತು.
ಏಳೆಪ್ಪತ್ತರ ಲೆಕ್ಕ ಪಾದ್ರಿ ಹೇಳಿದರ
ಒಳಗ ನಾ ವಾದಾ ಹಾಕತಿದ್ದೆ:
ಅಂವ ಒಂದ ಸಲನೂ ಕೇಳಿಲ್ಲಲ್ಲ,
ಎಣಿಕಿ ಎಲ್ಲಿಂದ ಸುರು ಮಾಡಲಿ?

ಈ ವರ್ಷ ಅಂವ ಕೈ ಎತ್ತಿದ: "ನಲವತ್ತು."
ಅಂಗಿ ಗುಂಡಿ ಒಂದು ತಪ್ಪಿ ಹಾಕ್ಯಾನ,
ಹೆಂಡತಿ ಈಸ್ಟರ್ ಮುಂದ ತೀರಿದಳು.
ಅದನ್ನ ನೋಡಿ ಕರಗಿದೆ ಅನಬ್ಯಾಡ್ರಿ.
ಆಗಬೇಕಿತ್ತು, ಅಂತು ಒಳಗೊಂದು ಬಾಯಿ.
ಅಷ್ಟೊತ್ತಿಗೆ ಬಾಜೂಕ ನಿಂತ ನನ್ನ ಮಗಳು,
ಒಂಬತ್ತು ವರ್ಷದಾಕಿ,
ಫೋಟೋದಾಗಲ್ಲದ ಅಜ್ಜನ್ನ ಕಾಣದಾಕಿ,
ನನ್ನ ಮೊಣಕೈ ಮ್ಯಾಲಕ್ಕ ನೂಕಿದಳು:
"ಎತ್ತವಾ! ಆ ಕಳ್ಳಗ ಬಿಡಬ್ಯಾಡ!"
ಕಣ್ಣೊಳಗ ಹಬ್ಬ ಆಕಿಗೆ.

ಕಳ್ಳ. ಅಪ್ಪನ ಮ್ಯಾಲ ಬಿದ್ದ ಅದ ಶಬ್ದ.
ಇದನ್ನ ಯಾವಾಗ ನೇಯ್ದೆ ನಾನು?
ಕೂಡಿಸಿ ಒಂದ ದಿನಾನೂ ಕಲಿಸಿಲ್ಲ,
ಎಳಿ ಎಳಿ ಸರಿಯಾಗಿ ಬಿದ್ದೈತಿ,
ಎಲ್ಲೂ ಒಂದು ಗಂಟಿಲ್ಲ.

ಕೈ ಏಳಲಿಲ್ಲ. ಸೆರಗಿನ ಗಂಟಿನ ಮ್ಯಾಲ ಇಟ್ಟು ಒತ್ತಿ ಹಿಡಿದೆ.
ನಲವತ್ತು, ಒಂದನೇ ಸಾರಿ.
ಮಂದಿ ಎಲ್ಲಾ ನನ್ನ ಕಡೆ.
ಎರಡನೇ ಸಾರಿ.
ಖಜಾಂಚಿ ಹುಬ್ಬು ಹಾರಿಸಿದ, ಕೆಮ್ಮಿದ, ಬೆವರು ಒರಸಿಕೊಂಡ.
ಮೂರು.

ಫಿಲೆಮೋನನ ಕೈ ಇನ್ನೂ ಮ್ಯಾಲ,
ಇಳಸೂದು ಮರೆತಾಂವನಂಗ.
ವಸ್ತ್ರದಾಗ ಕಟ್ಟಿ ತಂದ ನೋಟು ಬಿಚ್ಚಿ
ನಲವತ್ತು ಎಣಿಸಿದ.
ಉಳಿದದ್ದು ಏನು ಮಾಡಬೇಕು ತಿಳೀದ ನಿಂತ.

ಚೀಲದ ಒಂದು ಕಿವಿ ಅಂವ ಹಿಡಿದ, ಒಂದು ನಾನು.
ಗೇಟಿನ ಮಟ, ಅಷ್ಟ.
"ಎಲೀಷಾ..." ಅಂದ. ಮುಂದ ಅನಲಿಲ್ಲ.
ಕಾಕಾ ಅಂಬೂದು ನನ್ನ ಗಂಟಲ ಮಟ ಬಂದು
ಹೊಳ್ಳಿ ಹೋತು.
ಕುಂಬಳಕಾಯಿ ನಡುವ ಜೋಲಿ ಹೊಡೀತಿತ್ತು.

ಮುಂದಿನ ಐತವಾರ ಆ ಸಾಲಿಗೆ ಮತ್ತ ಕೆಮ್ಮು.
ಕೆಮ್ಮಿಕೋತನ ಅರ್ಧ ಅಂದೆ.

ಬಾಗಿಲ ಬಾಜೂ ಫಳಿ ಮ್ಯಾಲ ಖಜಾಂಚಿ ಬರೆದಿದ್ದ:
ಕುಂಬಳಕಾಯಿ, ನಲವತ್ತು.
ಹೋದ ವರ್ಷಕಿಂತ ಸಾವಿರದ ಅರವತ್ತು ಕಡಿಮಿ.
ಮಗಳು ಬಟ್ಟಿಟ್ಟು ಓದಿ ಕೇಳಿದಳು,
"ಲುಕ್ಸಾನ ಆತೇನವಾ?"
ಆತು, ಅಂದೆ.