ಹೆಚ್ಚಿಗಿ ಒಂದು ಕಾಲು

ಗುಂಡಿ ಒತ್ತಿದೆ.
ಏನೂ ಆಗಲಿಲ್ಲ.
ಇನ್ನೊಮ್ಮೆ ಒತ್ತಿದೆ, ಮೆತ್ತಗ,
ಮುನಿಸಿಕೊಂಡವರ ಬಾಗಿಲು ಬಡಿಧಂಗ.
ಫ್ಯಾನು ಅರ್ಧ ಸುತ್ತು ತಿರುಗಿ
ಏನೋ ಮರೆತು ಬಂದವರಂಗ ನಿಂತುಬಿಟ್ಟಿತು.

ಹದಿನಾಲ್ಕು ತಿಂಗಳು
ಸೊಲ್ಲಾಪುರದ ಟವೆಲ್ಲಿಗೆ ಅಂಚು ಹೊಲಿದೀನಿ, ಡಜನ್ನಿಗೆ ಇಷ್ಟು ಅಂತ.
ಮೊದಲು ಪ್ರೊಸೆಸರ್ ಬಂತು, ಬಿಸ್ಕೀಟಿನಷ್ಟು,
ಮಳಿಗಾಲ ಪೂರಾ ಕಪಾಟಿನ್ಯಾಗ ಸೀರಿಗಳ ನಡುವ ಮಲಗಿತ್ತು.
ಆಮ್ಯಾಲ ರ‍್ಯಾಮ್.
ಆಮ್ಯಾಲ ಪುಣೆಯ ಯಾರದೋ ಹಳೇ ಗ್ರಾಫಿಕ್ಸ್ ಕಾರ್ಡು,
ಎಸಳಿನ ಮ್ಯಾಲ ಇನ್ನೂ ಅವರ ಮನಿ ಧೂಳು.
ಕಡೀಕ ಈ ಪೆಟ್ಟಿಗಿ, ಒಂದು ಮಗ್ಗಲು ಗಾಜು,
ಒಳಗಿನ ಕರುಳು ಕಾಣಲಿ ಅಂತ.
ಈಗ ಕಾಣ್ತದ. ಎಲ್ಲಾ ಕಾಣ್ತದ. ನಡಿಯೂದಿಲ್ಲ, ಅಷ್ಟ.

ನೆಟ್ ಕೆಫೆಯ ಹುಡುಗರಿಗೆ ಹೇಳಿಬಿಟ್ಟಿದ್ದೆ:
ಐತಾರದಿಂದ ನಾ ಮನ್ಯಾಗ ಆಡ್ತೀನಿ,
ತಾಸಿಗೆ ಮೂವತ್ತು ರೂಪಾಯಿ ಕೊಟ್ಟು
ಬೆನ್ನ ಹಿಂದ ನಿಂತವರ ಉಸಿರು ಕೇಳೂದು ಸಾಕು.
ಇವತ್ತ ಐತಾರ.

ಹಿಂದಿನ ಸ್ವಿಚ್ಚು ನೋಡಿದೆ, ಚಾಲೂನ ಅದ.
ಇಪ್ಪತ್ತನಾಕು ಪಿನ್ನಿನ ವೈರು ಕಟಕ್ ಅನ್ನೂತನಕ ಒತ್ತಿದೆ.
ರ‍್ಯಾಮ್ ಕಿತ್ತು, ಅದರ ಬಂಗಾರದ ಹಲ್ಲಿಗೆ
ಶಾಲಿ ಹುಡುಗರ ರಬ್ಬರು ತಿಕ್ಕಿ ಮತ್ತ ಕೂಡಿಸಿದೆ.
ಅಂಬಾದಾಸ ತನ್ನ ಪವರ್ ಸಪ್ಲೈ ಚಾದರದಾಗ ಸುತ್ತಿ ತಂದ,
ಕೂಸಿನ ಹಂಗ ಎದಿಗೆ ಹಿಡಕೊಂಡು.
ಅದಕ್ಕೂ ಜಗ್ಗಲಿಲ್ಲ.
ತೆಲುಗಿನ್ಯಾಗ ಬೈದ, ಮರಾಠಿಯೊಳಗ ದೇವರ ಕರದ,
ಕನ್ನಡದಾಗ ನನಗ, 'ಬೋರ್ಡ ಹೋಗ್ಯದ, ಸಂಗವ್ವಾ, ಬಿಡು' ಅಂದ.
ಅವ ಕನ್ನಡ ಕಲ್ತದ್ದು ನಮ್ಮ ಕಟ್ಟಿ ಮ್ಯಾಲ.
ಅದಕ್ಕ ಮಾತು ಜಾಸ್ತಿ ನಟ್ಟಿತು.

ಡಬ್ಬಿಯೊಳಗಿನ ಪುಸ್ತಕದಾಗ ಹನ್ನೆರಡು ಭಾಷಾ,
ಹನ್ನೆರಡರಾಗೂ ಒಂದ ಎಚ್ಚರಿಕಿ.
ಗ್ವಾಡಿ ಆಚೆ ಮಗ್ಗ ಖಟಾಖಟಾ,
ನಮ್ಮ ದೀಪ ಒಮ್ಮೆ ಕಣ್ಣು ಮುಚ್ಚಿ ತಗೀತು.

ಅವ್ವ ಹೊಸ್ತಿಲ ಹತ್ತರ
ತೊಡಿ ಮ್ಯಾಲ ಮೊರ ಇಟಗೊಂಡು ಬೀಡಿ ಸುತ್ತಾಕತ್ತಿದ್ಲು.
ಮುಂಜಾನೆ ಸಾವಿರ ಕೊಡಬೇಕು ಕಾರಖಾನಿಗೆ.
ಎಲಿ, ತಂಬಾಕು, ಸುತ್ತು, ದಾರ,
ಇಪ್ಪತ್ತೈದಕ್ಕ ಒಂದು ಕಟ್ಟು.
ಎಣಿಸೂದು ಅವಳ ಕಣ್ಣಿಗೆ ಹತ್ತಿದ ಚಟ:
ಮಣ್ಣಿಗೆ ಹೋಗಿ ಬಂದ್ರ ಸೈತ
ಎಷ್ಟು ಮಂದಿ ಕೂಡಿದ್ರು ಅಂತ ಹೇಳ್ತಾಳ.

ಬೋರ್ಡ್ ಹೊರಗ ತಗದು ಖಾಲಿ ರಟ್ಟಿನ ಮ್ಯಾಲ ಇಟ್ಟೆ.
ಸ್ಕ್ರೂಡ್ರೈವರ್ ತುದಿಯಿಂದ ಎರಡು ಪಿನ್ನು ಮುಟ್ಟಿಸಿದೆ.
ಓಡಿತು!
ಮನಿಯಿಲ್ಲ, ಮೈಮ್ಯಾಲ ಏನಿಲ್ಲ, ಗುಂಯ್ ಅಂತ ಓಡಿತು.
ಪೆಟ್ಟಿಗ್ಯಾಗ ಇಟ್ಟರ ಸಾಯ್ತದ,
ಹೊರಗ ತಗದರ ಬದುಕ್ತದ.
ಅಂಬಾದಾಸ ತಲಿ ಕೆರಕೊಂಡ.

'ಕಾಲು ಒಂಬತ್ತು ಅದಾವ' ಅಂದ್ಲು ಅವ್ವ, ಕೈ ನಿಲ್ಲಿಸದ.
'ಯಾವ ಕಾಲು?'
'ಆ ಡಬ್ಬಿ ಒಳಗ, ಹಿತ್ತಾಳಿವು. ಹಲಗಿಗೆ ತೂತು ಎಂಟ ಅದಾವಲ್ಲ.'

ಎಣಿಸಿದೆ. ಅಂಬಾದಾಸನೂ ಎಣಿಸಿದ, ತೆಲುಗಿನ್ಯಾಗ.
ತೂತು ಎಂಟು.
ಒಂಬತ್ತನೇದು, ಯಾರೂ ಕರೀದ ಜಾಗಾದಾಗ ನಿಂತು,
ಬೋರ್ಡಿನ ಬೆನ್ನ ಬೆಸುಗಿಗೆ ಹತ್ತಿಕೊಂಡು
ಬಂದ ಕರೆಂಟು ಎಲ್ಲಾ ತಗಡಿಗೆ ಕುಡಿಸಾಕತ್ತಿತ್ತು.
ಇಕ್ಕಳ ಸಿಗಲಿಲ್ಲ.
ಎಲಿಗತ್ತರಿ ಮೂತಿಯಿಂದ ತಿರುವಿದೆ, ಅವ್ವ ಒಂದು ಬೈದ್ಲು, ಬಿಚ್ಚಿತು.

ಕೂಡಿಸಿದೆ. ಒತ್ತಿದೆ.
ಪರದೆ ಬೆಳಗಿತು:
ಜನವರಿ ಒಂದು, ನಡುರಾತ್ರಿ, ಎಂದೋ ಆಗಿಹೋದ ವರ್ಷ.
ಇವತ್ತು ಯಾವತ್ತಂತ ಅದಕ್ಕ ಗೊತ್ತಿಲ್ಲ.

'ಏನ ಕೇಳ್ತದ?'
'ತಾರೀಖು.'
'ಅಮಾಸಿ ಮರುದಿನ ಅಂತ ಹೇಳು.'

ಇನ್ನೂ ವಿಂಡೋಸ್ ಹಾಕಬೇಕು. ಆಟ ತೊಂಬತ್ತು ಜಿಬಿ,
ಅಂಬಾದಾಸನ ಮೊಬೈಲಿನಿಂದ ಹನಿಹನಿ ಇಳಿಯಬೇಕು.
ಐತಾರ ಮುಗೀತು.
ಹಿತ್ತಾಳಿ ಕಾಲು ಅವ್ವ ದಾರದ ಡಬ್ಬಿಗೆ ಹಾಕಿಕೊಂಡ್ಲು.
ಅವಳ ಸಾವಿರಕ್ಕ ಇನ್ನೂ ಮುನ್ನೂರ ನಲವತ್ತು ಕಡಿಮಿ.
ನಾ ಒಂದು ಕಟ್ಟಿಗೆ ದಾರ ಸುತ್ತಿದೆ.
ಬಿಗಿ ಇಲ್ಲ ಅಂದ್ಲು,
ಬಿಚ್ಚಿ ಮತ್ತ ಸುತ್ತಿದ್ಲು.