ಐದರಲ್ಲಿ ಎಷ್ಟು

ಫೆಬ್ರವರಿಯ ನಾಲ್ಕು ದಿನ, ಡುಲೂತ್ ಊರಿನಲ್ಲಿ,
ಸಭಾಂಗಣದ ಹೊರಬಾಗಿಲಿಗೆ ನನ್ನನ್ನು ನಿಲ್ಲಿಸಿದ್ದರು.
ಕೈಗೊಂದು ರಟ್ಟು, ದಾರ ಕಟ್ಟಿದ ಪೆನ್ಸಿಲ್ಲು.
ಹೊರಡುವವರನ್ನು ತಡೆದು ಕೇಳಬೇಕು:
ದೋಣಿ ಮೇಳ ಹೇಗಿತ್ತು? ಐದರಲ್ಲಿ ಎಷ್ಟು?
ಗಂಟೆಗೆ ಹದಿನಾಲ್ಕು ಡಾಲರು, ಊಟ ನಮ್ಮದೇ.

ಬಾಗಿಲಾಚೆ ಸರೋವರ ಕಲ್ಲಾಗಿ ಬಿದ್ದಿತ್ತು,
ಅದರ ಮೇಲೆ ಯಾರೋ ಪಿಕಪ್ ಓಡಿಸುತ್ತಿದ್ದರು.
ಬಾಗಿಲೀಚೆ ಕೆಂಪು ಜಮಖಾನದ ಮೇಲೆ
ಸಾಲು ಸಾಲು ದೋಣಿ. ಒಂದಕ್ಕೂ ಹನಿ ನೀರು ತಾಗಿಲ್ಲ;
ಒದ್ದೆಯಾಗಿದ್ದದ್ದು ಜನರ ಬೂಟು ಮಾತ್ರ.
ಏಣಿಯೇಣಿಯ ಬುಡದಲ್ಲೂ ಒಂದು ಹಲಗೆ:
ದಯವಿಟ್ಟು ಬೂಟು ಬಿಚ್ಚಿ ಹತ್ತಿ.
ಊರಿನ ಕಾಲ್ಚೀಲಗಳ ಸ್ಥಿತಿಗತಿ
ಆ ವಾರ ನನಗೆ ತಿಳಿದಷ್ಟು ಯಾರಿಗೂ ತಿಳಿದಿರಲಿಕ್ಕಿಲ್ಲ.

ಬರೆದುಕೋ, ಅಂದರು ಹಾಲ್ವರ್ಸನ್,
ನಾನಿನ್ನೂ ಬಾಯಿ ತೆರೆದಿರಲಿಲ್ಲ.
ಕಾರು ನಿಲ್ಲಿಸಲು ಇಪ್ಪತ್ತು, ಸಾಸೇಜಿಗೆ ಒಂಬತ್ತು,
ದೋಣಿ ನೋಡೋಣ ಅಂದರೆ ಸಾಲಿಗೊಬ್ಬ
ಬಿಸಿನೀರ ತೊಟ್ಟಿ ಮಾರುವವನು,
ಸೂರಿನ ದೋಣಿಗೆ ಜಾಲರಿ ಮಾರುವವನು
(ಅದೂ ದೋಣಿಯೇ, ಆದರೆ ಅವರು ನಗುವ ಹದದಲ್ಲಿರಲಿಲ್ಲ),
ಅಂಟದ ಬಾಣಲೆಯಲ್ಲಿ ಮೊಟ್ಟೆ ಹುರಿದು ತೋರಿಸುವವನು.
ಹೋದ ಸಲ ಇದರ ಎರಡರಷ್ಟು ದೋಣಿ.
ಅದರ ಹಿಂದಿನ ಸಲದ್ದು ಕೇಳಲೇಬೇಡ.
ಒಂದು, ಅಂದರು. ಬೆನ್ನ ಹಿಂದೆ ಹೆಂಡತಿ
ನನಗೆ ಮೂರು ಬೆರಳು ತೋರಿಸಿದರು,
ಇನ್ನೊಂದು ಕೈಯಲ್ಲಿ ಬಾಣಲೆ.

ಸಿಗ್ನಿಗೆ ಆರು ವರ್ಷ. ತಲೆಗೆ ರಟ್ಟಿನ ಕಪ್ತಾನ ಟೋಪಿ.
ನಲವತ್ತೊಂದು ಚುಕ್ಕಾಣಿ ತಿರುಗಿಸಿದೆ, ಅಂದಳು.
ಎಲ್ಲೆಲ್ಲಿಗೆ ಹೋದೆ?
ಎಲ್ಲಿಗೂ ಇಲ್ಲ, ಎಲ್ಲ ಗಾಡಿ ಮೇಲಿದ್ದವಲ್ಲ,
ಇಷ್ಟೂ ಗೊತ್ತಿಲ್ಲವೇ ಎಂಬಂತೆ ನೋಡಿ
ಪೆನ್ಸಿಲ್ ಕಸಿದು ತಾನೇ ಬರೆದಳು: 41.

ಆಸ್ಪತ್ರೆಯ ಉಡುಪಿನ ಮೇಲೆ ಕೋಟು ತೊಟ್ಟ ಒಬ್ಬಾಕೆ
ಯಾವ ದೋಣಿಯನ್ನೂ ಹತ್ತಲಿಲ್ಲವಂತೆ.
ಮೂಗಿನಿಂದ ನೋಡಲು ಬಂದೆ, ಅಂದಳು.
ಅಪ್ಪನ ದೋಣಿಗೆ ವಾರ್ನಿಷು, ಪೆಟ್ರೋಲು, ಹಳೇ ಹಗ್ಗದ ವಾಸನೆ.
ಇಲ್ಲಿ ಎಲ್ಲಕ್ಕೂ ಹೊಸ ಸ್ನಾನದ ಪರದೆಯದು.
ಕಡೆಗೆ ಶೌಚಾಲಯದ ಪಕ್ಕ, ಮೂಲೆಯಲ್ಲಿ,
ಶಾಲೆ ಮಕ್ಕಳು ಕಟ್ಟಿದ ಪುಟ್ಟ ಮರದ ದೋಣಿ, ಮಾರಾಟಕ್ಕಿಲ್ಲ.
ಅದರೊಳಗೆ ತಲೆ ಹಾಕಿ ನಿಂತೇ ಇದ್ದಳಂತೆ,
ಏನಾದರೂ ಬಿತ್ತೇ ಎಂದು ಯಾರೋ ಕೇಳುವವರೆಗೆ.
ಅಂಕ ಕೊಡಲಿಲ್ಲ.
ಪೆನ್ಸಿಲ್ ಮೊಂಡಾಗಿದೆ ಅಂದು ಹೋದಳು.

ಭಾನುವಾರ ಸಂಜೆ ದೀಪ ಒಂದೊಂದೇ ಆರುವಾಗ
ಒಂದು ಏಣಿಯ ಬುಡದಲ್ಲಿ ಒಂದೇ ಜೊತೆ ಬೂಟು.
ಮೇಲೆ, ಯಾರೂ ಕೊಳ್ಳದ ದೋಣಿಯ ಮುಂಗೋಣೆಯಲ್ಲಿ,
ಪ್ಲಾಸ್ಟಿಕ್ ಬಿಚ್ಚದ ಹಾಸಿಗೆಯ ಮೇಲೆ
ಉರ್ಹೋ ಮಟ್ಟಿಲಾ ಮಧ್ಯಾಹ್ನದಿಂದ ನಿದ್ದೆ.
ಮಾರುವ ಹುಡುಗನಿಗೆ ಗೊತ್ತಿತ್ತಂತೆ.
ಗೊರಕೆ ಕೇಳಿದ ಗಿರಾಕಿಗೆ
ಎಂಜಿನ್ ಪರೀಕ್ಷೆ ನಡೆದಿದೆ ಅಂದನಂತೆ.

ಅದಿರು ಹೊರುವ ಹಡಗಿನಲ್ಲಿ ಮೂವತ್ತು ವರ್ಷ ಅಡುಗೆ ಮಾಡಿದವರು.
ಅಲುಗದ ದೋಣಿಯಲ್ಲಿ ಮಲಗಿದ್ದು ಇದೇ ಮೊದಲು, ಅಂದರು.
ಎಚ್ಚರಾದಾಗ, ಮುಳುಗಿ ತಳ ಮುಟ್ಟಿದೆವು ಅಂದುಕೊಂಡೆ.

ಇಳಿದು ಬೂಟು ನೋಡಿದರು. ಇವು ನನ್ನವಲ್ಲ.
ಕಪ್ಪು, ಹನ್ನೊಂದನೇ ನಂಬರು, ಹೊಸ ಲೇಸು.
ಅವರದು ಕಂದು, ಒಂಬತ್ತು.
ವಿಹಾರ ನೌಕೆಯ ಬಣ್ಣದ ಕರಪತ್ರ ಮುದುರಿ
ತುದಿಗೆ ತುರುಕಿದೆವು, ಬಲಕ್ಕೆ ಮೂರು, ಎಡಕ್ಕೆ ಮೂರು.
ತೋಳು ಹಿಡಿದು ಬಸ್ ನಿಲ್ದಾಣದವರೆಗೆ ನಡೆಸಿದೆ.
ಊರಲ್ಲೆಲ್ಲೋ ಒಬ್ಬ, ಬಿಗಿದ ಬೂಟಿನಲ್ಲಿ,
ಕಾಲು ಊದಿತೆಂದು ಬೈದುಕೊಳ್ಳುತ್ತಿರಬೇಕು.

ಆಮೇಲೆ ನೆನಪಾಗಿ ಕೇಳಿದೆ: ಐದರಲ್ಲಿ ಎಷ್ಟು?
ಸರೋವರದ ಕಡೆ ತಿರುಗಿದರು.
ಕತ್ತಲಲ್ಲಿ ಮಂಜುಗಡ್ಡೆ ಎಲ್ಲೋ ಲಟಕ್ಕನೆ ಬಿರಿಯಿತು.
ಬೂಟಿನ ಲೆಕ್ಕದಲ್ಲೋ, ನಿದ್ದೆಯ ಲೆಕ್ಕದಲ್ಲೋ?
ಅಷ್ಟರಲ್ಲಿ ಬಸ್ಸು ಬಂತು.

ಆ ಸಾಲು ಖಾಲಿ ಬಿಟ್ಟು ಕಾಗದ ಒಪ್ಪಿಸಿದೆ.
ಕಚೇರಿಯವರು ಕೂಡಿಸಿದರು, ಭಾಗಿಸಿದರು.
ಒಂದು ಪುಟದ ಸರಾಸರಿ ಐದನ್ನು ದಾಟಿತು.
ಎಲ್ಲಿ ತಪ್ಪಿತೆಂದು ಮತ್ತೆ ಮೊದಲಿಂದ ಎಣಿಸತೊಡಗಿದರು.
ನಾನು ಕೋಟು ಹಾಕಿಕೊಂಡೆ.
ನನ್ನ ಬೂಟು ನನ್ನವೇ ಹೌದೇ ಎಂದು
ಒಮ್ಮೆ ಬಗ್ಗಿ ನೋಡಿದೆ.